ಕರೆಂಟ್ ಏರಿಸಿದಾಗ ಕಂಪನ ನಿಲ್ಲುವುದೇಕೆ?

ಕರೆಂಟ್ ಜಾಸ್ತಿ ಕೊಟ್ಟರೆ ಆಸಿಲೇಟರ್ (ಒಂದೇ ಲಯದಲ್ಲಿ ಕಂಪಿಸುತ್ತಿರುವ ಸಾಧನ) ಇನ್ನೂ ಜೋರಾಗಿ ಕಂಪಿಸಬೇಕು, ಅಲ್ವಾ? ಒಂಟಿಯಾಗಿದ್ದಾಗ ಸಾಮಾನ್ಯವಾಗಿ ಹಾಗೇ ಆಗುತ್ತದೆ. ಎರಡನ್ನು ಜೋಡಿಸಿದರೆ ಲೆಕ್ಕ ಬದಲಾಗುತ್ತದೆ. ಕರೆಂಟ್ ಏರಿದಂತೆ ಎರಡೂ ನಿಂತೇ ಹೋಗಬಹುದು. ಜೋಡಿಸಿದ ಸ್ಪಿನ್‌ಟ್ರಾನಿಕ್ (ಎಲೆಕ್ಟ್ರಾನ್‌ನ ಸ್ಪಿನ್, ಅಂದರೆ ಅದರ ಪುಟ್ಟ ಕಾಂತದಂಥ ಗುಣವನ್ನು ಬಳಸುವ) ನ್ಯಾನೋ ಆಸಿಲೇಟರ್‌ಗಳಲ್ಲಿ ಕಂಪನ ಹೀಗೆ ಸಾಯುವುದನ್ನು ಸಾಮಾನ್ಯ ಕೋಣೆಯ ಉಷ್ಣತೆಯಲ್ಲೇ ತೋರಿಸಿದ ಪ್ರಯೋಗ 2024ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂತು. ಅಲ್ಲಿಗೆ ಬಂದ ದಾರಿ ಎರಡು. ಬಹಳ ಕಾಲ ಅವು ಒಂದನ್ನೊಂದು ಮುಟ್ಟಿರಲಿಲ್ಲ.

ಮೊದಲನೆಯದು ಕಾಂತದ ದಾರಿ. ಕೆಲವೇ ನ್ಯಾನೋಮೀಟರ್ ದಪ್ಪದ ಎರಡು ಕಾಂತೀಯ ಪದರ, ನಡುವೆ ಕಾಂತೀಯವಲ್ಲದ ಇನ್ನೊಂದು ಪದರ. ಒಂದು ಕಾಂತದ ದಿಕ್ಕು ಬಿಗಿಯಾಗಿ ನಿಂತಿರುತ್ತದೆ, ಇನ್ನೊಂದರದ್ದು ಸಡಿಲ. ಬಿಗಿ ಪದರವನ್ನು ದಾಟಿ ಬರುವ ಎಲೆಕ್ಟ್ರಾನ್‌ಗಳ ಸ್ಪಿನ್ ಹೆಚ್ಚಾಗಿ ಒಂದೇ ಕಡೆಗಿರುತ್ತದೆ. ಅವು ಸಡಿಲ ಪದರದ ಕಾಂತವನ್ನು ತಿರುಚಬಲ್ಲವು ಎಂದು 1996ರಲ್ಲಿ ಜಾನ್ ಸ್ಲೋನ್‌ಚೆವ್ಸ್ಕಿ ಮತ್ತು ಲೂಕ್ ಬರ್ಗರ್ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಿ ಹೇಳಿದರು. ಕಾಂತದೊಳಗಿನ ಡ್ಯಾಂಪಿಂಗ್ ಅದನ್ನು ಸುಮ್ಮನಾಗಿಸಲು ಎಳೆಯುತ್ತದೆ, ಕರೆಂಟ್ ಎದುರು ದಿಕ್ಕಿಗೆ ತಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ತಳ್ಳುವಿಕೆ ಗೆಲ್ಲುತ್ತದೆ. ಆಗ ಕಾಂತ ತಾನಾಗಿಯೇ ಸುತ್ತತೊಡಗುತ್ತದೆ, ಸೆಕೆಂಡಿಗೆ ನೂರಾರು ಕೋಟಿ ಸಲ. 2003ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗುಂಪು ಇದನ್ನು ಅಳೆದು ತೋರಿಸಿತು.

ಆದರೆ ಒಂದೇ ಒಂದು ನ್ಯಾನೋ ಆಸಿಲೇಟರ್ ಕೊಡುವ ಶಕ್ತಿ ತೀರಾ ಕಡಿಮೆ. ಶಾಖದ ಗದ್ದಲಕ್ಕೆ ಅದರ ಲಯವೂ ಅಲುಗಾಡುತ್ತದೆ. ಹಲವನ್ನು ಒಂದೇ ತಾಳಕ್ಕೆ ತಂದರೆ ಎರಡೂ ಕೊರತೆ ತೀರುತ್ತದೆ ಎಂಬ ಆಸೆ ಹುಟ್ಟಿತು. ಜೋಡಿಸಿದ ವಸ್ತುಗಳು ತಾಳ ಹೊಂದಿಸಿಕೊಳ್ಳುತ್ತವೆ ಎಂಬುದು 1665ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಎರಡು ಲೋಲಕ ಗಡಿಯಾರಗಳಲ್ಲಿ ಕಂಡ ಹಳೆಯ ಸಂಗತಿ. 2005ರಲ್ಲಿ ಎರಡು ಗುಂಪುಗಳು ನೇಚರ್‌ನ ಒಂದೇ ಸಂಚಿಕೆಯಲ್ಲಿ ಎರಡೆರಡು ಸ್ಪಿನ್ ಆಸಿಲೇಟರ್‌ಗಳನ್ನು ಒಂದೇ ಲಯಕ್ಕೆ ತಂದ ವರದಿ ಕೊಟ್ಟವು. ಮುಂದಿನ ಹೆಜ್ಜೆಗಳು ನಿಧಾನ. 64 ಆಸಿಲೇಟರ್‌ಗಳ ಚೌಕ ಒಟ್ಟಿಗೆ ತಾಳ ಹಿಡಿಯುವ ಹೊತ್ತಿಗೆ 2020 ಬಂದಿತ್ತು.

ಇದನ್ನೆಲ್ಲ ಅರ್ಥ ಮಾಡಿಕೊಳ್ಳಲು ಹೆಚ್ಚಾಗಿ ಬಳಕೆಯಾದದ್ದು 1975ರಲ್ಲಿ ಯೋಶಿಕಿ ಕುರಮೊಟೊ ಕೊಟ್ಟ ಮಾದರಿಯ ಜಾಡು. ಅದರಲ್ಲಿ ಪ್ರತಿ ಆಸಿಲೇಟರ್‌ಗೂ ಹಂತ ಮಾತ್ರ ಇದೆ, ಅಂದರೆ ಸುತ್ತಿನ ಯಾವ ಜಾಗದಲ್ಲಿದೆ ಎಂಬುದಷ್ಟೇ. ಕಂಪನದ ಗಾತ್ರ ಬದಲಾಗುವುದೇ ಇಲ್ಲ. ಹಾಗಾಗಿ ಕಂಪನ ಸಾಯುವ ಮಾತು ಆ ಚಿತ್ರದೊಳಗೆ ಬರುವಂತೆಯೇ ಇರಲಿಲ್ಲ. ನನಗೆ ಈ ಚರಿತ್ರೆಯ ಮುಖ್ಯ ಅಂಶ ಇದೇ ಅನ್ನಿಸುತ್ತದೆ. ಹಾಗೆಂದು ಇಂಥ ಸಾವು ಹೊಸದೇನಲ್ಲ: ಪಕ್ಕಪಕ್ಕದ ಎರಡು ಆರ್ಗನ್ ವಾದ್ಯದ ಕೊಳವೆಗಳು ಒಂದನ್ನೊಂದು ಸದ್ದಡಗಿಸಬಲ್ಲವು ಎಂದು 19ನೇ ಶತಮಾನದಲ್ಲೇ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರ‍್ಯಾಲೀ ಬರೆದಿದ್ದರು.

ಎರಡನೆಯ ದಾರಿ ಕ್ವಾಂಟಂ ಗಣಿತದ್ದು. ಫ್ರೆಂಚ್ ಗಣಿತಜ್ಞ ಶಾರ್ಲ್ ಎರ್ಮಿಟ್ ಹೆಸರಿನ 'ಹರ್ಮಿಷಿಯನ್' ಗುಣ (ಶಕ್ತಿ ಹೊರಗೆ ಸೋರದ, ಒಳಗೂ ಬಾರದ ವ್ಯವಸ್ಥೆಯ ಲಕ್ಷಣ) ವ್ಯವಸ್ಥೆಯ ಸಮೀಕರಣಕ್ಕೆ ಇದ್ದರೆ ಶಕ್ತಿಯ ಬೆಲೆಗಳು ನೈಜ ಸಂಖ್ಯೆಗಳಾಗಿಯೇ ಬರುತ್ತವೆ. ಶಕ್ತಿ ಹೊರಗೆ ಸೋರಿದರೆ ಅಥವಾ ಒಳಗೆ ಬಂದರೆ ಆ ಖಾತ್ರಿ ಇಲ್ಲ. ಬೆಲೆಗೆ ಕಾಲ್ಪನಿಕ ಭಾಗ ಸೇರಬಹುದು, ಅದು ಕಂಪನ ಬೆಳೆಯುತ್ತದೋ ಸಾಯುತ್ತದೋ ಹೇಳುತ್ತದೆ. ಇಂಥ ಬೆಲೆಯನ್ನು 1928ರಲ್ಲೇ ಭೌತವಿಜ್ಞಾನಿ ಜಾರ್ಜ್ ಗ್ಯಾಮೊ ಆಲ್ಫಾ ಕ್ಷಯಕ್ಕೆ (ಪರಮಾಣುವಿನ ಬೀಜ ಒಂದು ಕಣವನ್ನು ಹೊರಗೆಸೆಯುವುದಕ್ಕೆ) ಬಳಸಿದ್ದರು. 1998ರಲ್ಲಿ ಕಾರ್ಲ್ ಬೆಂಡರ್ ಮತ್ತು ಸ್ಟೆಫಾನ್ ಬಟ್ಚರ್ ಹೊಸ ಮಾತು ಹೇಳಿದರು: ಒಂದು ಬಗೆಯ ಸಮಮಿತಿ ಇದ್ದರೆ ಹರ್ಮಿಷಿಯನ್ ಅಲ್ಲದಿದ್ದರೂ ನೈಜ ಬೆಲೆ ಸಿಗಬಲ್ಲದು. ಒಂದರ ಶಕ್ತಿಯ ಗಳಿಕೆ ಇನ್ನೊಂದರ ನಷ್ಟಕ್ಕೆ ಸರಿದೂಗಿದ ಜೋಡಿ ಇದಕ್ಕೆ ಸುಲಭದ ಉದಾಹರಣೆ. ಬೆಳಕಿನ ಪ್ರಯೋಗಗಳು ಇದನ್ನು ಬೇಗ ಕೈಗೆತ್ತಿಕೊಂಡವು.

ಲೆಕ್ಕವನ್ನೇ ಮಾಡಿ ನೋಡೋಣ. 'ಅ' ಮತ್ತು 'ಬ' ಎಂಬ ಎರಡು ಆಸಿಲೇಟರ್, ಒಂಟಿಯಾಗಿದ್ದಾಗ ಎರಡರ ಆವರ್ತನವೂ ಒಂದೇ. ನಡುವಿನ ಜೋಡಣೆಯ ಬಲ 1.5. 'ಅ'ಗೆ ಗಳಿಕೆ +1, 'ಬ'ಗೆ ನಷ್ಟ −3. ಸರಾಸರಿ −1, ಅಂತರದ ಅರ್ಧ 2. ಅರ್ಧ ಅಂತರ ಜೋಡಣೆಗಿಂತ ದೊಡ್ಡದಿರುವುದರಿಂದ ಒಂದು ಕಂಪನ ಹೆಚ್ಚಾಗಿ 'ಅ'ದಲ್ಲೇ ನೆಲೆಸುತ್ತದೆ. ಅದರ ನಿವ್ವಳ ಗಳಿಕೆ ಸುಮಾರು +0.3. ಅದು ಬದುಕುತ್ತದೆ. ಈಗ 'ಬ'ಗೆ ಕರೆಂಟ್ ಕೊಟ್ಟು ನಷ್ಟವನ್ನು −1.5ಕ್ಕೆ ತನ್ನಿ. ಅರ್ಧ ಅಂತರ 1.25ಕ್ಕೆ ಇಳಿಯಿತು, ಜೋಡಣೆ ಗೆದ್ದಿತು. ಕಂಪನ ಎರಡಕ್ಕೂ ಸಮನಾಗಿ ಹರಡಿತು, ಸರಾಸರಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಅದು −0.25. ಒಟ್ಟು ನಷ್ಟ ಕಡಿಮೆಯಾಗಿದೆ, ಆದರೂ ಕಂಪನ ಸತ್ತಿತು! ಇನ್ನೂ ಕರೆಂಟ್ ಕೊಟ್ಟು 'ಬ'ಯನ್ನು −0.5ಕ್ಕೆ ತಂದರೆ ಸರಾಸರಿ +0.25, ಕಂಪನ ಮತ್ತೆ ಏಳುತ್ತದೆ.

ಅರ್ಧ ಅಂತರ ಸರಿಯಾಗಿ 1.5 ಆಗುವ ಜಾಗವೇ ಎಕ್ಸೆಪ್ಷನಲ್ ಪಾಯಿಂಟ್. ಅಲ್ಲಿ ಎರಡು ಆವರ್ತನಗಳಷ್ಟೇ ಅಲ್ಲ, ಕಂಪನದ ಎರಡು ರೀತಿಗಳೂ ಒಂದಾಗಿಬಿಡುತ್ತವೆ. ಪಂಪ್ (ಹೊರಗಿನಿಂದ ತುಂಬುವ ಶಕ್ತಿ) ಏರಿಸಿದಾಗ ಲೇಸರ್ ಆರಿ, ಮತ್ತೆ ಹೊತ್ತಿಕೊಳ್ಳುವುದನ್ನು 2014ರಲ್ಲಿ ಇದೇ ಕಾರಣಕ್ಕೆ ಕಂಡರು.

ಸ್ಪಿನ್ ಆಸಿಲೇಟರ್‌ಗೆ ಇದು ಹೇಳಿ ಮಾಡಿಸಿದ ಜಾಗ. ನಷ್ಟ ಅದರೊಳಗೇ ಇದೆ, ಗಳಿಕೆಯನ್ನು ಕರೆಂಟ್‌ನಿಂದ ನೇರವಾಗಿ ತಿರುಗಿಸಬಹುದು. ಈ ಬಿಂದುವಿನ ಬಳಿ ಸೂಕ್ಷ್ಮ ಸೆನ್ಸರ್ ಮಾಡುವ ಆಸೆಯೂ ಇದೆ. ಅಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲಿನ ಬದಲಾವಣೆ ಆವರ್ತನಗಳನ್ನು ನೂರರಲ್ಲಿ ಒಂದು ಪಾಲಿನಷ್ಟು ಬೇರೆ ಮಾಡಬಲ್ಲದು. ಆದರೆ ಗದ್ದಲವೂ ಜತೆಗೇ ಹಿಗ್ಗುತ್ತದೆ, ಹಾಗಾಗಿ ನಿಜವಾದ ಲಾಭ ಎಷ್ಟು ಎಂಬ ವಾದ ನಡೆದೇ ಇದೆ. ನನಗೆ ಹೆಚ್ಚು ಮಹತ್ವದ್ದಾಗಿ ಕಾಣುವುದು ದೊಡ್ಡ ಜಾಲಗಳ ಪ್ರಶ್ನೆ. ಮೆದುಳಿನ ಮಾದರಿಯ ಕಂಪ್ಯೂಟಿಂಗ್‌ಗೆ ನೂರಾರು ಆಸಿಲೇಟರ್‌ಗಳನ್ನು ಜೋಡಿಸುವವರು ಇನ್ನು ಮುಂದೆ ಹಂತದ ಜತೆಗೆ ಪ್ರತಿಯೊಂದರ ಗಳಿಕೆ, ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಾವ ಕರೆಂಟ್‌ಗೆ ಯಾವ ಭಾಗ ಸುಮ್ಮನಾಗುತ್ತದೆ ಎಂಬ ನಕ್ಷೆ ವಿನ್ಯಾಸದ ಹಂತದಲ್ಲೇ ಕೈಯಲ್ಲಿರಬೇಕು.