ಕಿಟಕಿ ಸರಳು ಸೊಟ್ಟಗಾದಾಗ

ಮಾರ್ಚ್ ಕೊನೆಯ ವಾರ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಹತ್ತು ದಿನದಿಂದ ರಾತ್ರಿ ಎರಡಕ್ಕೆ ಮೊದಲು ಮಲಗಿರಲಿಲ್ಲ. ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ನಿಂತಿದ್ದೆ. ಎಡಗಣ್ಣಿಗೆ ಧೂಳು ಬಿತ್ತು. ಅದನ್ನು ಉಜ್ಜಿಕೊಳ್ಳುತ್ತಾ ಬಲಗಣ್ಣಲ್ಲೇ ಹೊರಗೆ ನೋಡಿದರೆ ಕಿಟಕಿಯ ಸರಳುಗಳು ನಡುವೆ ಬಾಗಿವೆ! ಎಡಗಣ್ಣು ತೆರೆದರೆ ನೆಟ್ಟಗೆ, ಮುಚ್ಚಿದರೆ ಸೊಟ್ಟ. ಗೋಡೆಯ ಕ್ಯಾಲೆಂಡರ್ ನೋಡಿದೆ. 27ರ ಮೇಲೆ ಕಂದು ಬಣ್ಣದ ಗಾಜಿನ ಬಿಲ್ಲೆ ಇಟ್ಟ ಹಾಗೆ ಮಸುಕು. ಅಂಕಿ ಕೂಡ ಎಡಗಣ್ಣಿಗೆ ಕಂಡಿದ್ದಕ್ಕಿಂತ ಚಿಕ್ಕದು.

ಕಣ್ಣಿನ ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ ಕೂರಿಸಿದರು. ಆಮೇಲೆ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್. ಗದ್ದವನ್ನು ಸ್ಟ್ಯಾಂಡಿನ ಮೇಲೆ ಇಟ್ಟು ಒಂದು ಚುಕ್ಕೆ ನೋಡುತ್ತಿರಬೇಕು, ಅಷ್ಟೇ. ಪರದೆಯ ಮೇಲೆ ಬಂದ ಚಿತ್ರದಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ತೆಳು ಪರದೆ, ಎಣ್ಣೆಯಲ್ಲಿ ಉಬ್ಬಿದ ಪೂರಿಯ ಹಾಗೆ ಮೇಲೆದ್ದಿತ್ತು. ಒಳಗೆ ಕಪ್ಪಗೆ ಕಾಣುವುದು ನೀರು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಸ್ಟೆರಾಯ್ಡ್ ಏನಾದರೂ ತಗೋತೀರಾ? ಮಾತ್ರೆ, ಮೂಗಿಗೆ ಸ್ಪ್ರೇ, ಮುಖಕ್ಕೆ ಕ್ರೀಮ್?" ಇಲ್ಲ ಅಂದೆ. ಎರಡನೆಯದು, "ನಿದ್ದೆ ಹೇಗಿದೆ?"

ಚೀಟಿಯಲ್ಲಿ 'ಸಿಎಸ್‌ಆರ್' ಅಂತ ಬರೆದರು. ಕಂಪನಿಗಳು ಮಾಡುವ ದಾನಧರ್ಮದ ಲೆಕ್ಕ ಬರೆದೂ ಬರೆದೂ ಸುಸ್ತಾದವನಿಗೆ ಕಣ್ಣಲ್ಲೂ ಅದೇನಾ ಅನ್ನಿಸಿ ನಗು ಬಂತು. ಇದು ಬೇರೆ. ಪೂರ್ತಿ ಹೆಸರು ಸೆಂಟ್ರಲ್ ಸೀರಸ್ ಕೋರಿಯೋರೆಟಿನೋಪತಿ. 30ರಿಂದ 50ರ ವಯಸ್ಸಿನವರಲ್ಲಿ, ಅದರಲ್ಲೂ ಗಂಡಸರಲ್ಲಿ ಜಾಸ್ತಿ. ಜರ್ಮನಿಯ ಕಣ್ಣಿನ ಡಾಕ್ಟರ್ ಆಲ್ಬ್ರೆಕ್ಟ್ ಫಾನ್ ಗ್ರೇಫೆ 1866ರಲ್ಲೇ ಇದನ್ನು ಗುರುತಿಸಿದ್ದರು. 1987ರಲ್ಲಿ ನ್ಯೂಯಾರ್ಕಿನ ಕಣ್ಣಿನ ಡಾಕ್ಟರ್ ಲಾರೆನ್ಸ್ ಯಾನುಝಿ, ಸದಾ ಅವಸರ, ಸದಾ ಪೈಪೋಟಿ ಅನ್ನುವ ಸ್ವಭಾವದವರಲ್ಲಿ ಇದು ಹೆಚ್ಚು ಎಂದು ಬರೆದರು. ಅಲ್ಲಿಂದ ಇದಕ್ಕೆ ಟೆನ್ಷನ್ ಮಾಡಿಕೊಳ್ಳುವವರ ಕಾಯಿಲೆ ಅನ್ನುವ ಹೆಸರು ಅಂಟಿಕೊಂಡಿತು.

ಆದರೆ ಟೆನ್ಷನ್ ಇರುವುದು ತಲೆಯಲ್ಲಿ, ನೀರು ತುಂಬಿದ್ದು ಕಣ್ಣಲ್ಲಿ. ನಡುವೆ ಏನಾಯಿತು?

ಕಣ್ಣಿನ ಹಿಂಬದಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ರೆಟಿನಾದ ಒಳಪದರಗಳಿಗೆ ಅದರದೇ ಸಣ್ಣ ನಾಳಗಳಿವೆ. ಹೊರಪದರಕ್ಕೆ ರಕ್ತ ಕೊಡುವುದು ಕೋರಾಯ್ಡ್ ಎಂಬ ಹಾಸು. ರೆಟಿನಾದ ಕೆಳಗೆ ಸ್ಪಂಜಿನಂತೆ ಹರಡಿರುವ ಈ ಹಾಸಿನಲ್ಲಿ ಬರೀ ರಕ್ತನಾಳಗಳೇ. ಕಣ್ಣಿಗೆ ಬರುವ ರಕ್ತದಲ್ಲಿ ಹೆಚ್ಚಿನ ಪಾಲು ಹರಿಯುವುದು ಇಲ್ಲೇ. ಸ್ವಾರಸ್ಯ ಇರುವುದು ಇವೆರಡರ ಸ್ವಭಾವದಲ್ಲಿ. ಭಯ, ಸಿಟ್ಟು ಬಂದಾಗ ಎದೆ ಡವಗುಟ್ಟಿಸುವ ನರಗಳಿವೆಯಲ್ಲ, ಅವು ರೆಟಿನಾದ ನಾಳಗಳವರೆಗೆ ಹೋಗುವುದೇ ಇಲ್ಲ. ಆ ನಾಳಗಳು ತಮ್ಮ ಹರಿವನ್ನು ತಾವೇ ಹದ ಮಾಡಿಕೊಳ್ಳುತ್ತವೆ. ಕೋರಾಯ್ಡಿನೊಳಗೆ ಮಾತ್ರ ಆ ನರಗಳು ದಟ್ಟವಾಗಿ ಹಬ್ಬಿವೆ. ಒಂದೇ ಕಣ್ಣು, ಮಿಲಿಮೀಟರಿನಷ್ಟೂ ಅಂತರವಿಲ್ಲ. ಒಬ್ಬರಿಗೆ ಆಫೀಸಿನ ಗದ್ದಲ ನೇರವಾಗಿ ಕೇಳಿಸುತ್ತದೆ, ಪಕ್ಕದವರಿಗೆ ಕೇಳಿಸುವುದಿಲ್ಲ.

ಇವೆರಡರ ನಡುವೆ ಒಂದೇ ಸಾಲು ಜೀವಕೋಶಗಳ ತೆಳು ಗೋಡೆ. ಗೋಡೆಯೂ ಅದೇ, ಪಂಪೂ ಅದೇ. ಮಳೆಗಾಲದಲ್ಲಿ ಹಳೇ ಮನೆಯ ನೆಲದಲ್ಲಿ ಜಲ ಏಳುತ್ತದಲ್ಲ, ಹಾಗೆ ಕೆಳಗಿನ ಹಾಸಿನಲ್ಲಿ ನಾಳಗಳು ಹಿಗ್ಗಿ ಒತ್ತಡ ಹೆಚ್ಚಿದರೆ ಗೋಡೆ ಎಲ್ಲೋ ಒಂದು ಕಡೆ ಸೋಲುತ್ತದೆ. ನೀರು ಮೇಲಕ್ಕೆ ಬಂದು ರೆಟಿನಾವನ್ನು ಎತ್ತುತ್ತದೆ. ಪರದೆ ಉಬ್ಬಿದರೆ ಚಿತ್ರವೂ ಸೊಟ್ಟ.

ಇದರಲ್ಲಿ ಕಾರ್ಟಿಸಾಲ್ ಪಾತ್ರ ದೊಡ್ಡದು ಎಂಬ ಅನುಮಾನ ಹಳೆಯದು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನ್ ಇದು. ಒತ್ತಡ ಬಂದಾಗ ಏರುತ್ತದೆ, ಹೋದಾಗ ಇಳಿಯಬೇಕು. ಸ್ಟೆರಾಯ್ಡ್ ಔಷಧಿಗಳು ಇದರ ಅಣ್ಣತಮ್ಮಂದಿರು. ಡಾಕ್ಟರಮ್ಮ ಮೊದಲು ಕ್ರೀಮ್ ಬಗ್ಗೆ ಕೇಳಿದ್ದು ಅದಕ್ಕೇ. ಹೊರಗಿನಿಂದ ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ ಈ ಕಾಯಿಲೆ ಹೆಚ್ಚು ಎಂಬುದಕ್ಕೆ ಒತ್ತಡದ ಕಥೆಗಿಂತ ಗಟ್ಟಿ ಸಾಕ್ಷಿ ಇದೆ. ಮುಖ ಬೆಳ್ಳಗಾಗಲಿ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ಟ್ಯೂಬ್ ತಂದು ತಿಂಗಳುಗಟ್ಟಲೆ ಹಚ್ಚುವವರು ನಮ್ಮಲ್ಲಿ ಎಷ್ಟು ಜನ! ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಕಣ್ಣು ಮಂಜಾದಾಗ ಆಫೀಸನ್ನು ಬೈಯುವ ಮುಂಚೆ ಬಚ್ಚಲಮನೆ ಕನ್ನಡಿ ಹತ್ತಿರ ಏನಿದೆ ನೋಡಬೇಕು ಅಂತ ನನ್ನ ಅಭಿಪ್ರಾಯ.

ಹಾಗಂತ ಲೆಕ್ಕ ಪೂರ್ತಿ ತಾಳೆಯಾಗಿಲ್ಲ. ಕಾರ್ಟಿಸಾಲ್ ಹೋಗಿ ಕೂರುವ ಒಂದು ಜಾಗವನ್ನು ಔಷಧಿಯಿಂದ ಮುಚ್ಚಿದರೆ ನೀರು ಇಳಿಯಬೇಕು ಎಂಬ ಊಹೆ ಇತ್ತು. ಇಲಿಗಳಲ್ಲಿ ನಡೆದ ಪ್ರಯೋಗಗಳೂ ಹೌದು ಎನ್ನುವಂತಿದ್ದವು. ಎಪ್ಲೆರಿನೋನ್ ಎಂಬ ಮಾತ್ರೆಯನ್ನು ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ಫಲಿತಾಂಶ ಬಂದಿದ್ದು 2020ರಲ್ಲಿ. ಔಷಧಿಯೇ ಇಲ್ಲದ ಮಾತ್ರೆಗಿಂತ ಅದು ಏನೂ ಹೆಚ್ಚು ಕೆಲಸ ಮಾಡಿರಲಿಲ್ಲ. ಇನ್ನೂ ಸರಳವಾದ ಪ್ರಶ್ನೆ ನನ್ನದು. ಅದೇ ಆಫೀಸಿನಲ್ಲಿ ಅದೇ ಮಾರ್ಚ್ ತಿಂಗಳಲ್ಲಿ ಹನ್ನೊಂದು ಜನ ನಿದ್ದೆಗೆಟ್ಟಿದ್ದೆವು. ಸೋರಿದ್ದು ನನ್ನ ಕಣ್ಣೊಂದೇ. ಯಾಕೆ?

ಇದೇ ಪ್ರಶ್ನೆ ಮಿದುಳಿನಲ್ಲೂ ಎದುರಾಗಿದೆ. ಅಂದಹಾಗೆ, ರೆಟಿನಾ ಮಿದುಳಿನದೇ ಒಂದು ತುಂಡು. ಭ್ರೂಣದಲ್ಲಿ ಬೆಳೆಯುತ್ತಿರುವ ಮಿದುಳು ಹೊರಕ್ಕೆ ಚಾಚಿಕೊಂಡ ಭಾಗವೇ ಮುಂದೆ ರೆಟಿನಾ ಆಗುತ್ತದೆ. ರಕ್ತದಲ್ಲಿರುವುದೆಲ್ಲ ಒಳಗೆ ನುಗ್ಗದಂತೆ ಎರಡರಲ್ಲೂ ನಾಳಗಳ ಗೋಡೆಯನ್ನು ಬಿಗಿಯಾಗಿ ಹೊಲಿದಿರುತ್ತದೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪುಟ್ಟ ಇಲಿಗಳನ್ನು ದಿನಾ ಸ್ವಲ್ಪ ಹೊತ್ತು ದೊಡ್ಡ ಜಗಳಗಂಟ ಇಲಿಯ ಗೂಡಿಗೆ ಬಿಟ್ಟರು. ಕಚ್ಚಿಸಿಕೊಳ್ಳುವುದು, ಮೂಲೆ ಸೇರುವುದು. ಉಳಿದ ಹೊತ್ತು ನಡುವೆ ತೂತಿನ ತಡಿಕೆ. ಮೈ ಮುಟ್ಟದಿದ್ದರೂ ಆ ರೌಡಿ ಕಣ್ಣೆದುರೇ ಇರುತ್ತಾನೆ. ಹತ್ತು ದಿನ ಹೀಗೆ. ಆಮೇಲೆ ನೋಡಿದರೆ ಕೆಲವು ಇಲಿಗಳ ಮಿದುಳಿನಲ್ಲಿ, ಖುಷಿ ಮತ್ತು ಆಸೆಗೆ ಸಂಬಂಧಿಸಿದ ಜಾಗದಲ್ಲಿ, ರಕ್ತನಾಳದ ಹೊಲಿಗೆ ಸಡಿಲವಾಗಿತ್ತು. ಕ್ಲಾಡಿನ್-5 ಎಂಬ ಹೊಲಿಗೆದಾರದಂಥ ಪ್ರೋಟೀನ್ ಕಡಿಮೆಯಾಗಿತ್ತು. ಅವು ಬೇರೆ ಇಲಿಗಳ ಹತ್ತಿರ ಸುಳಿಯದೆ ಮಂಕಾಗಿ ಕೂತವು. ಅಷ್ಟೇ ಪೆಟ್ಟು ತಿಂದ ಇನ್ನು ಕೆಲವು ಇಲಿಗಳ ಹೊಲಿಗೆ ಮಾತ್ರ ಗಟ್ಟಿಯಾಗೇ ಇತ್ತು. ಪೆಟ್ಟು ಒಂದೇ, ಬಟ್ಟೆ ಬೇರೆ ಬೇರೆ ಅನ್ನೋಣವೇ? ಖಿನ್ನತೆಯಿಂದ ಬಳಲಿ ತೀರಿಕೊಂಡವರ ಮಿದುಳಿನ ಅದೇ ಜಾಗದಲ್ಲೂ ಆ ಪ್ರೋಟೀನ್ ಕಡಿಮೆ ಇದ್ದದ್ದು ಕಂಡಿತು.

ಇನ್ನೊಂದು ದಾರಿ ಇದೆ, ನಿಧಾನದ್ದು. ಬಿಪಿ. ಒತ್ತಡದಲ್ಲಿರುವವರು ನಿದ್ದೆ ಬಿಡುತ್ತಾರೆ, ನಡೆಯುವುದು ಬಿಡುತ್ತಾರೆ, ಸಿಗರೇಟು ಹೆಚ್ಚು ಮಾಡುತ್ತಾರೆ. ಬಿಪಿ ಏರಿ ಅಲ್ಲೇ ನಿಲ್ಲುತ್ತದೆ. ಮಿದುಳಿನ ಆಳದಲ್ಲಿರುವ ಕೂದಲಿನಂಥ ನಾಳಗಳು ಅದನ್ನು ತಾಳಲಾರದೆ ಗೋಡೆ ದಪ್ಪ ಮಾಡಿಕೊಂಡು ದಾರಿ ಕಿರಿದಾಗಿಸುತ್ತವೆ. ಅವನ್ನು ನೋಡುವುದಕ್ಕೆ ತಲೆ ತೆರೆಯುವಂತಿಲ್ಲ. ಕಣ್ಣಲ್ಲಿ ಮಾತ್ರ ನೋಡಬಹುದು. 1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ನೋಡಲು ತಾವು ಮಾಡಿದ ಸಲಕರಣೆಯ ವಿವರ ಪ್ರಕಟಿಸಿದ ಮೇಲೆ, ಬದುಕಿರುವ ಮನುಷ್ಯನ ರೆಟಿನಾ ನಾಳಗಳಲ್ಲಿ ರಕ್ತವನ್ನು ನೇರವಾಗಿ ನೋಡುವುದು ಡಾಕ್ಟರುಗಳಿಗೆ ಮಾಮೂಲಾಯಿತು. ಬಿಪಿ ಹಳೆಯದಾದರೆ ಆ ನಾಳಗಳು ತಾಮ್ರದ ತಂತಿಯಂತೆ ಹೊಳೆಯುತ್ತವೆ, ಇನ್ನೂ ಹಳೆಯದಾದರೆ ಬೆಳ್ಳಿ ತಂತಿಯಂತೆ. ಡಾಕ್ಟರುಗಳು ಹಾಗೇ ಕರೆಯುವುದು. 2001ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ರೆಟಿನಾ ಫೋಟೋ ತೆಗೆದು ಕಾದು ನೋಡಿದ್ದರು. ನಾಳಗಳಲ್ಲಿ ಹಾನಿ ಕಂಡವರಿಗೆ ಮುಂದೆ ಪಾರ್ಶ್ವವಾಯು ಬಡಿಯುವ ಸಂಭವ ಜಾಸ್ತಿ ಇತ್ತು. 22 ದೇಶಗಳ ಇಂಟರ್‌ಸ್ಟ್ರೋಕ್ ಅಧ್ಯಯನ 2010ರಲ್ಲಿ ಪಾರ್ಶ್ವವಾಯುವಿಗೆ ಹತ್ತು ಮುಖ್ಯ ಕಾರಣಗಳನ್ನು ಹೆಸರಿಸಿತು. ಮೊದಲ ಸ್ಥಾನ ಬಿಪಿಗೆ. ಮನಸ್ಸಿನ ಒತ್ತಡವೂ ಪಟ್ಟಿಯಲ್ಲಿತ್ತು. ಆ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರೂ ಇದ್ದರು.

ನನ್ನ ವಿಷಯಕ್ಕೆ ಬಂದರೆ, ಡಾಕ್ಟರಮ್ಮ ಕಣ್ಣಿಗೆ ಔಷಧಿ ಕೊಡಲಿಲ್ಲ. ಬಹಳ ಜನರಿಗೆ ಮೂರು ನಾಲ್ಕು ತಿಂಗಳಲ್ಲಿ ನೀರು ತಾನೇ ಇಂಗುತ್ತದೆ, ಇಂಗದಿದ್ದರೆ ಲೇಸರ್ ಚಿಕಿತ್ಸೆ ನೋಡೋಣ ಅಂದರು. ಚೌಕುಳಿ ಗೆರೆಗಳ ಒಂದು ಹಾಳೆ ಕೊಟ್ಟರು. ದಿನಾ ಒಂದೊಂದೇ ಕಣ್ಣಲ್ಲಿ ನೋಡಬೇಕಂತೆ. ಅದನ್ನು ಫ್ರಿಡ್ಜಿಗೆ ಅಂಟಿಸಿದೆ. ಜೊತೆಗೆ ಬಿಪಿ ನೋಡಿದರು. 150/96. ಕಣ್ಣಿಗೆ ಅಂತ ಹೋದವನು ಬಿಪಿ ಮಾತ್ರೆ ಹಿಡಿದು ಬಂದೆ!

ಜೂನ್ ಕೊನೆಗೆ ಗೆರೆಗಳು ನೆಟ್ಟಗಾದವು, ಸರಳೂ ನೆಟ್ಟಗಾದವು. ಮತ್ತೆ ಬರುವುದೂ ಉಂಟು ಅಂತ ಹೇಳಿ ಕಳಿಸಿದ್ದಾರೆ. ಹಾಗಾಗಿ ಬೆಳಗ್ಗೆ ಕಾಫಿ ಹಿಡಿದು ಒಂದು ಕಣ್ಣು ಮುಚ್ಚಿ ಕಿಟಕಿ ನೋಡುವುದು ನಿಂತಿಲ್ಲ. ಎದುರುಮನೆಯ ದಾಸವಾಳ ಎಡಗಣ್ಣಿಗೆ ಕೆಂಪು. ಬಲಗಣ್ಣಿಗೆ ಇನ್ನೂ ಎರಡು ಸಲ ಒಗೆದ ಬಟ್ಟೆಯ ಕೆಂಪು.