ಮಿಡ್ ಸ್ಪೀಕರ್ ಕೊಳ್ಳುವಾಗ ವ್ಯಾಟ್ ಬಿಡಿ, ಡಿಬಿ ನೋಡಿ

ಕಳೆದ ಶನಿವಾರ ಮಧ್ಯಾಹ್ನ ಡೊಂಬಿವಲಿಯಿಂದ ನಮ್ಮ ಊರಿನವರೊಬ್ಬರ ಮಗ ಅಂಗಡಿಗೆ ಬಂದಿದ್ದ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್ ಎರಡು ಗಂಟೆ ಸುತ್ತಿ ಬೆವರಿಳಿಸಿಕೊಂಡು ಬಂದವನ ಕೈಯಲ್ಲೊಂದು ಚೀಲ. ಒಳಗೆ ಒಂದು ಜೋಡಿ ಮಿಡ್‌ರೇಂಜ್ ಸ್ಪೀಕರ್, ಮ್ಯಾಗ್ನೆಟ್ ಮೇಲೆ 300 ವ್ಯಾಟ್ ಅಂತ ದೊಡ್ಡ ಸ್ಟಿಕ್ಕರ್. "ಅಂಕಲ್, ಒಳ್ಳೆ ಪವರ್ ಇದೆ ಅಲ್ವಾ? ಮನೆಯಲ್ಲೇ ತ್ರೀ-ವೇ ಬಾಕ್ಸ್ ಮಾಡ್ತಿದ್ದೇನೆ" ಅಂದ. ತ್ರೀ-ವೇ ಅಂದರೆ ಕೆಳಗಿನ ಸ್ವರಕ್ಕೆ ವೂಫರ್, ನಡುವಿನದ್ದಕ್ಕೆ ಮಿಡ್, ಮೇಲಿನದ್ದಕ್ಕೆ ಟ್ವೀಟರ್ ಇರುವ ಪೆಟ್ಟಿಗೆ. ಆಂಪ್ಲಿ ಎಷ್ಟರದ್ದು ಮಾರಾಯ ಅಂತ ಕೇಳಿದೆ. 15 ವ್ಯಾಟಿನ ಸಣ್ಣ ಬೋರ್ಡ್!

ಆ 300 ಅನ್ನುವುದು ಸ್ಪೀಕರ್ ಸುಡದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಲೆಕ್ಕ. ಎಷ್ಟು ಜೋರಾಗಿ ಕೇಳುತ್ತದೆ ಅಂತಲ್ಲ. ಹಂಡೆ ಎಷ್ಟು ಕೊಡ ನೀರು ಹಿಡಿಯುತ್ತದೆ ಅಂತ ಹೇಳಿದರೆ ನೀರು ಎಷ್ಟು ಬೇಗ ಕಾಯುತ್ತದೆ ಅಂತ ಗೊತ್ತಾಗುತ್ತದಾ? ಇಲ್ಲ ತಾನೆ. ನೋಡಬೇಕಾದದ್ದು ಸೆನ್ಸಿಟಿವಿಟಿ. ಅಂದರೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡಿಬಿ (ಡೆಸಿಬೆಲ್) ಸದ್ದು ಬರುತ್ತದೆ ಅನ್ನುವುದು.

3 ಡಿಬಿ ಏರಬೇಕಾದರೆ ವ್ಯಾಟ್ ಇಮ್ಮಡಿ ಆಗಬೇಕು. ಇದೊಂದು ನೆನಪಿದ್ದರೆ ಸಾಕು, ಉಳಿದದ್ದು ಬಾಯಿಲೆಕ್ಕ. 98 ಡಿಬಿ ಸದ್ದು ಬೇಕು ಅಂತಿಟ್ಟುಕೊಳ್ಳಿ. 86 ಡಿಬಿಯ ಮಿಡ್‌ಗೆ 16 ವ್ಯಾಟ್ ಬೇಕು. 92ರದ್ದಕ್ಕೆ 4 ಸಾಕು. 95ರದ್ದಾದರೆ ಬರೀ 2. ಆ ಹುಡುಗನ 15 ವ್ಯಾಟ್ ಒಂದು ಕಡೆ ಏದುಸಿರು ಬಿಡುತ್ತದೆ, ಇನ್ನೊಂದು ಕಡೆ ಆರಾಮಾಗಿ ಹಾಡುತ್ತದೆ. ಅಂದಹಾಗೆ 92 ಡಿಬಿ ಅಂದರೆ ಒಳಗೆ ಹೋದ ಕರೆಂಟಿನಲ್ಲಿ ಸದ್ದಾಗಿ ಹೊರಬರುವುದು ಹತ್ತಿರಹತ್ತಿರ 1 ಪರ್ಸೆಂಟ್ ಮಾತ್ರ. ಉಳಿದದ್ದು ಬಹುಪಾಲು ವಾಯ್ಸ್ ಕಾಯಿಲ್ (ಕೋನನ್ನು ಅಲುಗಾಡಿಸುವ ತಂತಿಸುರುಳಿ) ಬಿಸಿ ಮಾಡಲಿಕ್ಕೇ ಖರ್ಚು. ಸುಟ್ಟ ಕಾಯಿಲ್ ಸುತ್ತಿಯೇ ನನ್ನ ಸಂಸಾರ ನಡೆದದ್ದು, ಹಾಗಾಗಿ ದೂರುವ ಹಾಗೂ ಇಲ್ಲ.

ಇಲ್ಲೊಂದು ಮೋಸ ಇದೆ, ಮೋಸ ಅನ್ನುವುದಕ್ಕಿಂತ ಅಕ್ಷರದ ಆಟ. ಕೆಲವು ಡೇಟಾ ಶೀಟಿನಲ್ಲಿ 1 ವ್ಯಾಟ್ ಬದಲು 2.83 ವೋಲ್ಟ್ ಅಂತ ಬರೆದಿರುತ್ತಾರೆ. 8 ಓಮ್‌ನ ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟರೆ ಸರಿಯಾಗಿ 1 ವ್ಯಾಟ್. 4 ಓಮ್‌ನದ್ದಕ್ಕೆ ಅದೇ ವೋಲ್ಟ್ ಕೊಟ್ಟರೆ 2 ವ್ಯಾಟ್ ಕುಡಿಯುತ್ತದೆ. ಹಾಗಾಗಿ 4 ಓಮ್ ಸ್ಪೀಕರ್ ಮೇಲೆ 91 ಅಂತ ಇದ್ದರೆ, ವ್ಯಾಟಿನ ಲೆಕ್ಕದಲ್ಲಿ ಅದು 88. ಓಮ್ ನೋಡದೆ ಡಿಬಿ ಹೋಲಿಸಬೇಡಿ.

ಇನ್ನು, ಮಿಡ್‌ನಲ್ಲಿ ಜಾಸ್ತಿ ಸೆನ್ಸಿಟಿವಿಟಿ ಸಿಗುವುದು ಕಷ್ಟವೇನಲ್ಲ. ದೊಡ್ಡ ಸದ್ದು, ಆಳದ ಬಾಸ್, ಸಣ್ಣ ಪೆಟ್ಟಿಗೆ ಈ ಮೂರನ್ನೂ ಯಾವ ಸ್ಪೀಕರೂ ಒಟ್ಟಿಗೆ ಕೊಡುವುದಿಲ್ಲ, ಒಂದನ್ನು ಬಿಡಲೇಬೇಕು. ವೂಫರ್‌ನಲ್ಲಿ ಆ ಜಗಳ ಮುಗಿಯುವುದೇ ಇಲ್ಲ. ಮಿಡ್ ಮಾಡಬೇಕಾದದ್ದು ಸುಮಾರು 300ರಿಂದ 3000 ಹರ್ಟ್ಸ್‌ವರೆಗಿನ ಕೆಲಸ, ಅಂದರೆ ಭಾಗವತರ ಪದ, ಅರ್ಥಧಾರಿಯ ಮಾತು, ಪಿಟೀಲು. ಬಾಸ್ ಬೇಕಾಗಿಯೇ ಇಲ್ಲ. ಹಗುರ ಕೋನ್ (ಅದುರಿ ಸದ್ದು ಹೊರಡಿಸುವ ಮುಂಭಾಗ), ಗಿಡ್ಡ ಕಾಯಿಲ್, ಬಲವಾದ ಮ್ಯಾಗ್ನೆಟ್ ಹಾಕಿದರೆ ಡಿಬಿ ತಾನಾಗಿ ಏರುತ್ತದೆ. ಕೋನ್ ಒಂದು ಸೆಂಟಿಮೀಟರ್ ಕುಣಿಯುವ ಅಗತ್ಯ ಇಲ್ಲ. ನಾನಂತೂ ಹಳೇ ಕಾಲದ ಪೇಪರ್ ಕೋನಿನ ಪಕ್ಷ. ಹೊಳೆಯುವ ಪ್ಲಾಸ್ಟಿಕ್ ನೋಡಲಿಕ್ಕೆ ಚೆಂದ, ಅಷ್ಟೇ.

ಹಾಗಾದರೆ ಸಿಕ್ಕಿದ್ದರಲ್ಲಿ ಅತಿ ಜೋರಿನದ್ದನ್ನೇ ತಂದರಾಯಿತಾ? ಇಲ್ಲ. ಇಲ್ಲಿ ಯಜಮಾನ ವೂಫರ್, ಮಿಡ್ ಅದರ ಮಟ್ಟಕ್ಕೆ ಹೊಂದಬೇಕು. ಮಿಡ್ ಜಾಸ್ತಿಯಾದರೆ ರೆಸಿಸ್ಟರ್ ಹಾಕಿ ಇಳಿಸಬಹುದು, ಕಡಿಮೆಯಾದರೆ ಏರಿಸಲು ದಾರಿ ಇಲ್ಲ. ವೂಫರ್‌ಗೆ ರೆಸಿಸ್ಟರ್ ಹಾಕಿ ಮಿಡ್ ಮಟ್ಟಕ್ಕೆ ಇಳಿಸುತ್ತೇನೆ ಅನ್ನುವವರು ಬರುತ್ತಾರೆ. ದಯವಿಟ್ಟು ಬೇಡ. ವ್ಯಾಟೂ ಹೋಗುತ್ತದೆ, ಬಾಸೂ ಸಡಿಲವಾಗುತ್ತದೆ.

ಹುಡುಗನ ವೂಫರ್ 10 ಇಂಚಿನದ್ದು, 8 ಓಮ್, ಕಾಗದದಲ್ಲಿ 90 ಡಿಬಿ. ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ಆ 90 ಪೂರ್ತಿ ಉಳಿಯುವುದಿಲ್ಲ, ಯಾಕೆಂದರೆ ಕೆಳಗಿನ ಸ್ವರಗಳು ಮುಂದಕ್ಕೆ ಮಾತ್ರ ಬರದೆ ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹರಡುತ್ತವೆ, 30 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಾದರೆ ಸುಮಾರು 400 ಹರ್ಟ್ಸ್ ಆಸುಪಾಸಿನಿಂದ ಕೆಳಗೆ ಇದು ಗೊತ್ತಾಗುತ್ತದೆ. ಬಯಲಿನಲ್ಲಿ ಈ ನಷ್ಟ 6 ಡಿಬಿವರೆಗೆ ಹೋಗುತ್ತದೆ. ನಮ್ಮ ಮುಂಬೈ ಫ್ಲ್ಯಾಟಿನಲ್ಲಿ ಸ್ಪೀಕರ್‌ಗೆ ಗೋಡೆ ಬಿಟ್ಟು ನಿಲ್ಲಲು ಜಾಗ ಎಲ್ಲಿದೆ? ಆ ಗೋಡೆಯೇ ಸ್ವಲ್ಪ ಬಾಸ್ ವಾಪಸ್ ಕೊಡುತ್ತದೆ, 3 ಡಿಬಿ ಹೋಯಿತು ಅಂದುಕೊಳ್ಳೋಣ. ಉಳಿದದ್ದು 87. ಇದಕ್ಕೆ 91ರಿಂದ 94ರ ಮಿಡ್ ಧಾರಾಳ. ದೊಡ್ಡ ಸಭೆಗೆ ಹಾಕುವ 98ರ ಮಿಡ್ ತಂದರೆ 10 ಡಿಬಿಗೂ ಮೇಲೆ ಇಳಿಸಬೇಕು, ಸುಮ್ನೆ ರೆಸಿಸ್ಟರ್ ಕಾಯಿಸಿದ ಹಾಗೆ. ಮಿಡ್‌ಗೇ ಬೇರೆ ಆಂಪ್ಲಿ ಇಟ್ಟರೆ ಮಾತು ಬೇರೆ. ಆದರೆ ಆಗ ಆಂಪ್ಲಿಯ ಸುಯ್ ಅನ್ನುವ ಸದ್ದೂ ಅಷ್ಟೇ ಜೋರಾಗಿ ಕೇಳುತ್ತದೆ, ರಾತ್ರಿ ಕಿರಿಕಿರಿ.

ಸೈಜ್ ವಿಷಯ. 8 ಇಂಚಿನ ಮಿಡ್‌ನಲ್ಲಿ ಡಿಬಿ ಸುಲಭವಾಗಿ ಬರುತ್ತದೆ, ಆದರೆ 2000 ಹರ್ಟ್ಸ್ ದಾಟುತ್ತಿದ್ದ ಹಾಗೆ ಸದ್ದು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ಸೋಫಾದಲ್ಲಿ ಕೂತವರಿಗೆ ಮಾತು ಸ್ಪಷ್ಟ, ಅಡುಗೆಮನೆ ಬಾಗಿಲಲ್ಲಿ ನಿಂತವರಿಗೆ ಗೊಜಗೊಜ. 5 ಇಂಚಾದರೆ 3000 ದಾಟುವವರೆಗೆ ತೊಂದರೆ ಇಲ್ಲ. ಎಫ್‌ಎಸ್ ಕೂಡ ನೋಡಿ, ಅಂದರೆ ಕೋನ್ ತಾನಾಗಿ ಅನುರಣಿಸುವ ಹರ್ಟ್ಸ್. ಕ್ರಾಸ್‌ಓವರ್ (ವೂಫರ್ ಬಿಟ್ಟು ಮಿಡ್ ಹಿಡಿಯುವ ಜಾಗ) 400ರಲ್ಲಿ ಅಂತಾದರೆ ಎಫ್‌ಎಸ್ 200ಕ್ಕಿಂತ ಕೆಳಗಿರಲಿ. ಹಿಂಭಾಗ ತಗಡಿನಿಂದ ಮುಚ್ಚಿ ಬರುವ ಮಿಡ್‌ಗಳಲ್ಲಿ ಇದು ಸಾಮಾನ್ಯವಾಗಿ ಮೇಲೆಯೇ ಇರುತ್ತದೆ, ಕೇಳಿ ತೆಗೆದುಕೊಳ್ಳಿ.

ಹಿಂಭಾಗ ತೆರೆದ ಮಿಡ್ ಆದರೆ ಅದಕ್ಕೆ ಬೇರೆ ಕೋಣೆ ಬೇಕೇ ಬೇಕು. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಕೆಲಸಕ್ಕೆ ಹೊಸಬನಿದ್ದಾಗ ಒಂದು ತಾಳಮದ್ದಳೆ ತಂಡಕ್ಕೆ ಬಾಕ್ಸ್ ಮಾಡಿಕೊಟ್ಟಿದ್ದೆ, ವೂಫರ್ ಮಿಡ್ ಎರಡಕ್ಕೂ ಒಂದೇ ಪೆಟ್ಟಿಗೆ. ಮದ್ದಳೆಗೆ ಪೆಟ್ಟು ಬಿದ್ದಾಗಲೆಲ್ಲ ವೂಫರ್ ಒಳಗಿನ ಗಾಳಿಯನ್ನು ನೂಕುತ್ತಿತ್ತು, ಆ ಗಾಳಿ ಪಾಪದ ಮಿಡ್ ಕೋನನ್ನು ಹಿಂದಿನಿಂದ ಗುದ್ದುತ್ತಿತ್ತು, ಕೃಷ್ಣನ ಪಾತ್ರದವರ ಮಾತು ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಈಗ ಪ್ಲಂಬಿಂಗ್ ಅಂಗಡಿಯ 6 ಇಂಚಿನ ಪಿವಿಸಿ ಪೈಪ್ ತುಂಡು ತಂದು, ಹಿಂದೆ ಮುಚ್ಚಳ ಅಂಟಿಸಿ, ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ತುರುಕುತ್ತೇನೆ. ಹತ್ತಿ ಬೇಡ, ಇಲ್ಲಿಯ ಮಳೆಗಾಲದ ತೇವಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅದೇ ತೇವ ಕೋನಿನ ಸುತ್ತ ಅಂಚಿಗಿರುವ ಫೋಮ್ ಸರೌಂಡನ್ನೂ ತಿನ್ನುತ್ತದೆ, ಕೆಲವು ವರ್ಷಕ್ಕೆ ಮುಟ್ಟಿದರೆ ಪುಡಿ. ಚೋರ್ ಬಜಾರಿನಲ್ಲಿ ಹಳೇ ಮಿಡ್ ಸಿಕ್ಕಿತು ಅಂತ ಕುಣಿಯುವ ಮೊದಲು ಅಂಚು ಒತ್ತಿ ನೋಡಿ. ಬಟ್ಟೆಯ ಅಂಚಿನದ್ದಾದರೆ ಬಾಳಿಕೆ ಜಾಸ್ತಿ.

ಡೇಟಾ ಶೀಟೇ ಇಲ್ಲದ ಮಾಲು ಇಲ್ಲಿ ರಾಶಿ ಇದೆ. ಮೀಟರ್ ಹಿಡಿಯಿರಿ, 8 ಓಮ್‌ನದ್ದು ಅಂದರೆ 6ರ ಆಸುಪಾಸು ತೋರಿಸಬೇಕು. ಎರಡು ಹೆಬ್ಬೆರಳಿನಿಂದ ಕೋನನ್ನು ಮೆಲ್ಲಗೆ ಸಮವಾಗಿ ಒತ್ತಿ, ಕರಕರ ಅಂದರೆ ವಾಪಸ್ ಕೊಡಿ. ಡಿಬಿ ತಿಳಿಯಬೇಕಾದರೆ, ಡಿಬಿ ಗೊತ್ತಿರುವ ಅದೇ ಓಮ್‌ನ ಇನ್ನೊಂದು ಸ್ಪೀಕರ್ ಪಕ್ಕದಲ್ಲಿಡಿ. ಎರಡಕ್ಕೂ ಒಂದೇ ಆಂಪ್ಲಿ, ಅದೇ ವಾಲ್ಯೂಮ್, ಅದೇ ದೂರ, ಮಿಡ್ ಭಾಗದ ಒಂದೇ ಸದ್ದು. ಫೋನಿನ ಆಪ್ ತೋರಿಸುವ ಅಂಕಿ ನಂಬಬೇಡಿ, ಎರಡರ ನಡುವಿನ ವ್ಯತ್ಯಾಸ ನಂಬಬಹುದು. ಕೈಗಾಡಿಗಳ ಗಲಾಟೆಯಲ್ಲಿ ಇದಾಗದು, ಮನೆಗೆ ತಂದು ಮಾಡಿ.

ಹುಡುಗ ಕೊನೆಗೆ 8 ಓಮ್‌ನ, 93 ಡಿಬಿಯ 6 ಇಂಚಿನ ಪೇಪರ್ ಕೋನ್ ತಗೊಂಡ. ಅವನ ಟ್ವೀಟರ್ 2500 ಹರ್ಟ್ಸ್‌ವರೆಗೆ ಕೆಳಗಿಳಿದು ನುಡಿಸುವಂಥದ್ದು, ಹಾಗಾಗಿ 6 ಇಂಚು ನಡೆಯುತ್ತದೆ. ಇಳಿಸುವ ಲೆಕ್ಕ ಚೀಟಿಯಲ್ಲಿ ಬರೆದುಕೊಟ್ಟೆ. 6 ಡಿಬಿ ಇಳಿಸಲು ಸೀರೀಸ್‌ನಲ್ಲಿ 4 ಓಮ್, ಸ್ಪೀಕರ್‌ಗೆ ಅಡ್ಡ (ಪ್ಯಾರಲಲ್) 8 ಓಮ್. 3 ಡಿಬಿ ಸಾಕಾದರೆ ಸೀರೀಸ್‌ನಲ್ಲಿ 2.2, ಅಡ್ಡಕ್ಕೆ 20ರ ಹತ್ತಿರದ್ದು. ಎಲ್ಲವೂ 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್. ಒಂದು ವಾರ ಕ್ರೊಕೊಡೈಲ್ ಕ್ಲಿಪ್‌ನಲ್ಲೇ ಕೇಳು, ಅಮ್ಮನಿಗೂ ಕೇಳಿಸು, ಆಮೇಲೆ ಸೋಲ್ಡರ್ ಮಾಡು ಅಂದೆ.