ಬೊಗಳುವ ನಾಯಿಗೆ ಎರಡು ಮನಸ್ಸು

ರಾತ್ರಿ ನಾಯಿ ಊಳಿಟ್ಟರೆ ನಮ್ಮಜ್ಜಿ ಎದ್ದು ಕೂತು, ‘ಯಾರಿಗೆ ಕಾದಿದೆಯೋ’ ಎನ್ನುತ್ತಿದ್ದರು. ನಾಯಿಗೆ ಯಮ ಕಾಣುತ್ತಾನಂತೆ. ನಮ್ಮ ಬೀದಿಯ ಕರಿಯ ವಾರಕ್ಕೆ ನಾಲ್ಕು ದಿನ ಊಳಿಡುತ್ತಿದ್ದ. ಅವನು ಹೇಳಿದ್ದೆಲ್ಲ ನಿಜವಾಗಿದ್ದರೆ ಬೀದಿ ಎಂದೋ ಖಾಲಿಯಾಗಬೇಕಿತ್ತು, ಅಲ್ವಾ? ಊಳು ಎಂದರೆ ದೂರದಲ್ಲಿರುವ ತನ್ನವರಿಗೆ ಹಾಕುವ ಕೂಗು. ತೋಳಗಳೂ ಹಾಗೇ ಕೂಗುತ್ತವೆ. ಮೇಲಾಗಿ ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ಗೆ (ಸೆಕೆಂಡಿಗೆ ಅಷ್ಟು ಕಂಪನ; ಹೆಚ್ಚಿದಷ್ಟೂ ದನಿ ಕೀಚಲು) ಸೋತರೆ, ನಾಯಿಯದು ಸುಮಾರು 45,000ದವರೆಗೂ ಕೇಳುತ್ತದೆ. ನಮ್ಮ ಪಾಲಿನ ನಿಶ್ಶಬ್ದದಲ್ಲಿ ಅದಕ್ಕೆ ಬೇಕಾದಷ್ಟು ಸದ್ದಿರುತ್ತದೆ. ಯಮನನ್ನು ಎಳೆದು ತರಬೇಕಿಲ್ಲ.

ನನಗೆ ಊಳಿಗಿಂತ ಮಜಾ ಅನ್ನಿಸುವುದು ಬೊಗಳು. ಬೆಳೆದ ತೋಳ ಬೊಗಳುವುದು ಬಲು ಅಪರೂಪ. ಬಂಡೀಪುರದ ಸೀಳುನಾಯಿಗಳು ಶಿಳ್ಳೆ ಹಾಕಿ ಬಳಗ ಸೇರಿಸುತ್ತವೆ. ಸಾಕುನಾಯಿ ಮಾತ್ರ ಎಲೆ ಬಿದ್ದರೂ ಬೊಗಳುತ್ತದೆ. ಯಾಕೆ?

1977ರಲ್ಲಿ ಅಮೆರಿಕದ ಯುಜೀನ್ ಮಾರ್ಟನ್ ಎಂಬ ಪಕ್ಷಿತಜ್ಞರು ಹಕ್ಕಿ, ಪ್ರಾಣಿಗಳ ಕೂಗಿನಲ್ಲಿ ಒಂದು ಸರಳ ಸೂತ್ರ ಕಂಡರು. ಸಿಟ್ಟಿನ ಸದ್ದು ತಗ್ಗು, ಒರಟು. ಹೆದರಿಕೆಯ, ಸ್ನೇಹದ ಸದ್ದು ಎತ್ತರ, ನಯ. ದೊಡ್ಡ ಮೈಯಿಂದ ತಗ್ಗಿನ ದನಿ ಬರುತ್ತದೆ, ಮರಿಯ ಗಂಟಲಿಂದ ಕೀಚಲು ದನಿ. ತಮಟೆಗೂ ನಗಾರಿಗೂ ಇರುವ ವ್ಯತ್ಯಾಸ ಇದೇ. ಹಾಗಾಗಿ ಹೆದರಿಸಬೇಕಾದವನು ದೊಡ್ಡವನಾಗಿ ಕೇಳಿಸಬೇಕು, ಶರಣಾದವನು ಮಗುವಾಗಿ ಕೇಳಿಸಬೇಕು. ಹೆಡ್‌ಮಾಸ್ತರು ಗದರುವ ದನಿ ನೆನಪಿಸಿಕೊಳ್ಳಿ. ಅದೇ ಮನುಷ್ಯ ಮನೆಗೆ ಹೋಗಿ ಮೊಮ್ಮಗುವನ್ನು ಮಾತಾಡಿಸುವ ದನಿಯನ್ನೂ ನೆನಪಿಸಿಕೊಳ್ಳಿ.

ನಾಯಿಯ ಗುರ್ ಎನ್ನುವ ಗುರುಗುಟ್ಟು ಒಂದು ತುದಿ. ಕುಂಯ್ ಎನ್ನುವುದು ಇನ್ನೊಂದು. ಇವೆರಡನ್ನೂ ಒಂದೇ ಉಸಿರಿಗೆ ತುರುಕಿದರೆ ಬೊಗಳು. ಮುನ್ನುಗ್ಗಲೂ ಮನಸ್ಸು, ಓಡಲೂ ಮನಸ್ಸು. ಆದರೆ ಮನೆಯಿದೆ, ಮರಿಗಳಿವೆ, ಊಟದ ತಟ್ಟೆಯಿದೆ, ಬಿಟ್ಟು ಹೋಗುವಂತಿಲ್ಲ. ಗೂಬೆ ಕಂಡ ಕಾಗೆಗಳ ಗಲಾಟೆ ನೋಡಿದ್ದೀರಲ್ಲ? ಹತ್ತಿರ ಹೋಗುವುದಿಲ್ಲ, ದೂರವೂ ಹೋಗುವುದಿಲ್ಲ, ಬಾಯಿ ಮಾತ್ರ ನಿಲ್ಲುವುದಿಲ್ಲ. ನಾಯಿ ಬೊಗಳುವುದೂ ಇದೇ ಜಾತಿಯ ಗಲಾಟೆ ಎಂದು 2009ರಲ್ಲಿ ನಾಯಿಗಳ ನಡವಳಿಕೆಯ ಸಂಶೋಧಕಿ ಕ್ಯಾಥರಿನ್ ಲಾರ್ಡ್ ಮತ್ತು ಜೊತೆಗಾರರು ವಾದಿಸಿದರು. ತೋಳಕ್ಕೆ ಕಾಡಿದೆ, ಜಾಗ ಖಾಲಿ ಮಾಡುತ್ತದೆ. ಊರ ನಾಯಿ ಎಲ್ಲಿಗೆ ಹೋದೀತು? ನನಗೆ ಈ ವಾದವೇ ಹಿಡಿಸಿದೆ.

ಹಾಗಂತ ಬೊಗಳೆಲ್ಲ ಒಂದೇ ಅಲ್ಲ. ಹಂಗೇರಿಯ ಬುಡಾಪೆಸ್ಟ್‌ನ ಯೋಟ್ವೋಷ್ ಲೊರಾಂಡ್ ವಿಶ್ವವಿದ್ಯಾಲಯದವರು ಮುದಿ ಎಂಬ ಕುರಿಕಾಯುವ ನಾಯಿಗಳ ಬೊಗಳನ್ನು ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದರು. (ಮುದಿ ತಳಿಯ ಹೆಸರು, ವಯಸ್ಸಲ್ಲ!) ನಾಯಿ ಸಾಕದವರೂ ಸಂದರ್ಭವನ್ನು ಸುಮ್ನೆ ಊಹೆಗಿಂತ ಚೆನ್ನಾಗಿ ಗುರುತಿಸಿದರು. ತಗ್ಗು ದನಿಯಲ್ಲಿ ಬಿಡುವಿಲ್ಲದೆ ಬೊಗಳಿದರೆ ಸಿಟ್ಟು. ಎತ್ತರದ ದನಿಯಲ್ಲಿ ತಡೆದು ತಡೆದು ಬೊಗಳಿದರೆ ಒಂಟಿತನ.

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆ ನಂಬಿ ಕೈ ಚಾಚಬೇಡಿ. ಎರಡು ಮನಸ್ಸಿನಲ್ಲಿ ಯಾವುದು ಗೆಲ್ಲುತ್ತದೋ ಆ ನಾಯಿಗೂ ಇನ್ನೂ ಗೊತ್ತಿರುವುದಿಲ್ಲ. ನಮ್ಮ ಗೇಟಿಗೆ ದಿನಾ ಕೊರಿಯರ್ ಹುಡುಗ ಬರುತ್ತಾನೆ. ಪಕ್ಕದ ಮನೆಯ ಟಾಮಿ ಬೊಗಳುತ್ತದೆ. ಪೊಟ್ಟಣ ಕೊಟ್ಟ ಹುಡುಗ ಹೇಗೂ ಹೊರಟು ಹೋಗುತ್ತಾನೆ. ಟಾಮಿಯ ಲೆಕ್ಕದಲ್ಲಿ ಓಡಿಸಿದ್ದು ತಾನೇ. ನಾಳೆ ಇನ್ನೂ ಜೋರು.